ಓಡುವ ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವುದು ಹೇಗೆ? ಲಮಾರ್ ಜಾಕ್ಸನ್ ಸುತ್ತಲಿನ ಚರ್ಚೆ

ಬಾಲ್ಟಿಮೋರ್‌ನ ಎಂ ಆ್ಯಂಡ್ ಟಿ ಬ್ಯಾಂಕ್ ಕ್ರೀಡಾಂಗಣದ ಹೊರಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಜಾನಿ ಯುನಿಟಾಸ್ ಅವರ ಕಂಚಿನ ಪ್ರತಿಮೆಯಿದೆ. ಚೆಂಡನ್ನು ಎಸೆಯಲು ಸಿದ್ಧರಾಗಿ ನಿಂತ ಭಂಗಿ. ಕಾಲಲ್ಲಿ ಅವರ ಗುರುತೇ ಆಗಿದ್ದ, ಕಣಕಾಲನ್ನು ಮುಚ್ಚುವ ಹಳೆಯ ಕಾಲದ ಬೂಟು. 1958ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದು ಹೆಚ್ಚುವರಿ ಅವಧಿಗೆ ಹೋದ ಅಂತಿಮ ಪಂದ್ಯದಲ್ಲಿ ಆಗಿನ ಬಾಲ್ಟಿಮೋರ್ ಕೋಲ್ಟ್ಸ್ ತಂಡವು ಜೈಂಟ್ಸ್ ತಂಡವನ್ನು 23-17ರಿಂದ ಸೋಲಿಸಿದಾಗ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಯುನಿಟಾಸ್. ಸಹ ಆಟಗಾರರು ಕಟ್ಟಿದ ರಕ್ಷಣೆಯ ಗೂಡಿನೊಳಗೆ ನಿಂತು, ಎದುರಾಳಿ ಮೈಮೇಲೆ ಬೀಳುವ ಕೊನೆಯ ಕ್ಷಣದವರೆಗೂ ಕಾದು, ದೂರದ ಸಂಗಡಿಗನಿಗೆ ಕರಾರುವಾಕ್ಕಾಗಿ ಚೆಂಡು ತಲುಪಿಸುವವನೇ ಕ್ವಾರ್ಟರ್‌ಬ್ಯಾಕ್ ಎಂಬ ಚಿತ್ರ ಅಮೆರಿಕದ ಮನಸ್ಸಿನಲ್ಲಿ ಅಚ್ಚಾಗಲು ಯುನಿಟಾಸ್ ಅವರಷ್ಟು ಕಾರಣರಾದವರು ಕಡಿಮೆ. ಇಂದು ಪಂದ್ಯದ ದಿನ ಅದೇ ಪ್ರತಿಮೆಯ ಮುಂದೆ ಹಾದುಹೋಗುವ ಜನರ ಬೆನ್ನ ಮೇಲೆ ಎಲ್ಲೆಲ್ಲೂ ಕಾಣುವುದು 8ನೇ ಸಂಖ್ಯೆ. ಅದು ಬಾಲ್ಟಿಮೋರ್‌ನ ಈಗಿನ ತಂಡವಾದ ರೇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಅವರ ಸಂಖ್ಯೆ. ಅವರು ಎಸೆಯುತ್ತಾರೆ, ಎಸೆಯಲು ದಾರಿ ಕಾಣದಿದ್ದರೆ, ಕೆಲವೊಮ್ಮೆ ದಾರಿ ಕಂಡರೂ, ಓಡುತ್ತಾರೆ. ಇಷ್ಟು ಚೆನ್ನಾಗಿ ಓಡಿದ ಕ್ವಾರ್ಟರ್‌ಬ್ಯಾಕ್ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ.

ಅವರು ದೊಡ್ಡ ಆಟಗಾರ ಎಂಬುದರ ಬಗ್ಗೆ ಈಗ ತಕರಾರು ಉಳಿದಿಲ್ಲ. ಎರಡು ಬಾರಿ, 2019 ಮತ್ತು 2023ರಲ್ಲಿ, ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೆ ಬಂದಿದೆ. ಆದರೂ ಅವರನ್ನು ಯಾವ ಸಾಲಿನಲ್ಲಿ ಕೂರಿಸಬೇಕು, ಯಾವ ಅಂಕಿಗಳಿಂದ ಅಳೆಯಬೇಕು, ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಪಂದ್ಯಗಳ, ಸೋಲುಗಳಿಗೆ ಎಷ್ಟು ತೂಕ ಕೊಡಬೇಕು ಎಂಬ ವಾದ ಅಭಿಮಾನಿಗಳ ನಡುವೆ ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತದೆ. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದ ಕನ್ನಡದ ಮನೆಗಳಲ್ಲೂ, ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಮೂಲಕ, ಈ ವಾದ ಭಾನುವಾರದ ಊಟದ ಮೇಜಿಗೆ ಬಂದಿದೆ. ಈ ಜಗಳದ ಬೇರು ಆಟಗಾರನಿಗಿಂತ ಹೆಚ್ಚಾಗಿ ನಾವು ಬಳಸುವ ಅಳತೆಗೋಲಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಬಗೆಯ ಆಟಗಾರನನ್ನು ನೋಡಿ ಮಾಡಿದ ಅಳತೆಗೋಲಿನಿಂದ ಇನ್ನೊಂದು ಬಗೆಯವನನ್ನು ಅಳೆದಾಗ ಅವನ ಕೆಲಸದ ಒಂದು ಭಾಗ ಲೆಕ್ಕಕ್ಕೇ ಬರುವುದಿಲ್ಲ.

ಈ ಆಟ ಅಷ್ಟಾಗಿ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಒಂದೊಂದು ಅವಕಾಶಕ್ಕೂ ‘ಡೌನ್’ ಎಂದು ಹೆಸರು. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಡೌನ್ ಸಿಗುತ್ತವೆ, ದಾಟದಿದ್ದರೆ ಚೆಂಡು ಎದುರಾಳಿಯ ಪಾಲು. ಹೆಚ್ಚುಕಡಿಮೆ ಪ್ರತಿ ಡೌನ್‌ನಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಎಸೆಯಬೇಕೋ, ಪಕ್ಕದ ಓಟಗಾರನಿಗೆ ಒಪ್ಪಿಸಬೇಕೋ, ತಾನೇ ಹಿಡಿದುಕೊಂಡು ಓಡಬೇಕೋ ಎಂಬುದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನವಾಗಬೇಕು.

ಜಾಕ್ಸನ್ 2016ರಲ್ಲಿ, 19ನೇ ವಯಸ್ಸಿಗೆ, ಲೂಯಿವಿಲ್ ವಿಶ್ವವಿದ್ಯಾಲಯದ ಪರ ಆಡುತ್ತ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ ಪಡೆದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಅದುವರೆಗೆ ಯಾರೂ ಪಡೆದಿರಲಿಲ್ಲ. ಆದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ 2018ರಲ್ಲಿ ಹತ್ತಿರ ಬಂದಾಗ ಕೇಳಿಬಂದ ಪ್ರಶ್ನೆ, ಇವರು ಕ್ವಾರ್ಟರ್‌ಬ್ಯಾಕ್ ಹೌದೇ ಎಂಬುದು. ಹಲವು ತಂಡಗಳನ್ನು ಕಟ್ಟಿದ ಅನುಭವಿ ಬಿಲ್ ಪೋಲಿಯನ್, ಜಾಕ್ಸನ್ ರಿಸೀವರ್ ಸ್ಥಾನಕ್ಕೆ, ಅಂದರೆ ಎಸೆತಗಳನ್ನು ಹಿಡಿಯುವ ಕೆಲಸಕ್ಕೆ, ಹೋಗುವುದು ಒಳ್ಳೆಯದೆಂದು ಬಹಿರಂಗವಾಗಿ ಹೇಳಿದರು. ಜಾಕ್ಸನ್ ಒಪ್ಪಲಿಲ್ಲ, ರಿಸೀವರ್ ಆಗಿ ಪರೀಕ್ಷೆ ಕೊಡಲು ನಿರಾಕರಿಸಿದರು. ಆ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬೇಕರ್ ಮೇಫೀಲ್ಡ್, ಸ್ಯಾಮ್ ಡಾರ್ನಾಲ್ಡ್, ಜಾಶ್ ಆ್ಯಲನ್, ಜಾಶ್ ರೋಸನ್ ಎಂಬ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಅವರಿಗಿಂತ ಮೊದಲು ಆಯ್ಕೆಯಾದರು. ಕೊನೆಗೆ ಅವರನ್ನು ಆರಿಸಿದ ರೇವನ್ಸ್ ತಂಡವೂ 25ನೇ ಸರದಿಯಲ್ಲಿ ಬೇರೊಬ್ಬನನ್ನು ತೆಗೆದುಕೊಂಡು, ನಂತರ ಇನ್ನೊಂದು ತಂಡದಿಂದ 32ನೇ ಸರದಿಯನ್ನು ಕೊಂಡುಕೊಂಡು, ಸುತ್ತಿನ ಕಟ್ಟಕಡೆಯ ಹೆಸರಾಗಿ ಜಾಕ್ಸನ್ ಅವರನ್ನು ಕರೆಯಿತು.

ಆಗ ಅವರ ಮೇಲಿದ್ದ ಮುಖ್ಯ ಆಕ್ಷೇಪ, ಎಸೆತದಲ್ಲಿ ನಿಖರತೆ ಸಾಲದು ಎಂಬುದು. ಆಕ್ಷೇಪಕ್ಕೆ ಆಧಾರವಿರಲಿಲ್ಲವೆಂದಲ್ಲ: ಕಾಲೇಜಿನ ಕೊನೆಯ ವರ್ಷ ಅವರ ಎಸೆತಗಳಲ್ಲಿ ಗುರಿ ತಲುಪಿದ್ದು ಶೇ 59ರಷ್ಟು. ಆದರೆ ಅದೇ ವರ್ಷ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಜಾಶ್ ಆ್ಯಲನ್ ಅವರದು ಶೇ 56. ಎತ್ತರದ ಆಳು, ಕಟ್ಟುಮಸ್ತಾದ ಮೈ, ಬಲವಾದ ತೋಳು, ಅಂದರೆ ನೋಡಿದರೆ ಕ್ವಾರ್ಟರ್‌ಬ್ಯಾಕ್ ಎನ್ನಿಸುವಂಥವರು. ಅವರನ್ನು ಬಫಲೋ ತಂಡ 7ನೇ ಸರದಿಯಲ್ಲೇ ಆರಿಸಿತು. ಆ್ಯಲನ್ ಮುಂದೆ ಅಸಾಧಾರಣ ಆಟಗಾರರಾಗಿ ಬೆಳೆದರು, ಆ ಆಯ್ಕೆ ತಪ್ಪಾಗಲಿಲ್ಲ. ಆದರೆ ಒಬ್ಬರ ಕೊರತೆ ‘ತಿದ್ದಬಹುದಾದ ದೋಷ’ವಾಗಿಯೂ, ಅದಕ್ಕಿಂತ ಚಿಕ್ಕದಾದ ಇನ್ನೊಬ್ಬರ ಕೊರತೆ ‘ಈ ಸ್ಥಾನಕ್ಕೇ ಅನರ್ಹ’ ಎಂಬುದರ ಸಾಕ್ಷಿಯಾಗಿಯೂ ಕಂಡದ್ದು ಹೇಗೆ ಎಂಬ ಪ್ರಶ್ನೆಗೆ ಅಂಕಿಅಂಶಗಳಲ್ಲಿ ಉತ್ತರ ಸಿಗುವುದಿಲ್ಲ.

ಈ ಜಾಗದಲ್ಲಿ ವರ್ಣದ ಮಾತನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕವಾಗದು. 1968ರಲ್ಲಿ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ 14 ಟಚ್‌ಡೌನ್ ಎಸೆತಗಳನ್ನು, ಅಂದರೆ ಸಂಗಡಿಗ ಹಿಡಿದು ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ತಲುಪಿ ಅಂಕ ಬರುವ ಎಸೆತಗಳನ್ನು, ಕೊಟ್ಟ ಕಪ್ಪು ಆಟಗಾರ ಮಾರ್ಲಿನ್ ಬ್ರಿಸ್ಕೋ ಅವರಿಗೆ ಮರುವರ್ಷ ಆ ಸ್ಥಾನ ಉಳಿಯಲಿಲ್ಲ. ಬೇರೆ ತಂಡ ಸೇರಿ ರಿಸೀವರ್ ಆಗಬೇಕಾಯಿತು. ವಾರೆನ್ ಮೂನ್ 1978ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕಾಲೇಜು ಫುಟ್‌ಬಾಲ್‌ನ ಪ್ರತಿಷ್ಠಿತ ಪಂದ್ಯವಾದ ರೋಸ್ ಬೌಲ್ ಗೆದ್ದುಕೊಟ್ಟರೂ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಕರೆಯಲಿಲ್ಲ. ಅವರು ಕೆನಡಾದ ಎಡ್ಮಂಟನ್‌ಗೆ ಹೋಗಿ, ಸತತ ಐದು ಬಾರಿ ಅಲ್ಲಿನ ಪ್ರಶಸ್ತಿ ಗೆದ್ದ ತಂಡದಲ್ಲಿದ್ದು, 1984ರಲ್ಲಿ ಹ್ಯೂಸ್ಟನ್ ತಂಡದ ಮೂಲಕ ಎನ್‌ಎಫ್‌ಎಲ್‌ಗೆ ಬಂದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಎನಿಸಿದರು. ‘ಅವನು ಒಳ್ಳೆಯ ಕ್ರೀಡಾಪಟು, ಆದರೆ ಕ್ವಾರ್ಟರ್‌ಬ್ಯಾಕ್ ಅಲ್ಲ’ ಎಂಬ ವಾಕ್ಯಕ್ಕೆ ಹೀಗೊಂದು ಹಿನ್ನೆಲೆಯಿದೆ. ಜಾಕ್ಸನ್ ಅವರನ್ನು ಟೀಕಿಸುವ ಪ್ರತಿಯೊಬ್ಬರ ಮನಸ್ಸಿನಲ್ಲೂ ಅದೇ ಇದೆ ಎಂದರೆ ಅನ್ಯಾಯವಾದೀತು. ಆದರೆ ಆ ವಾಕ್ಯವನ್ನು ಕೇಳಿ ಬೆಳೆದವರಿಗೆ ‘ರಿಸೀವರ್ ಆಗಬಾರದೇ’ ಎಂಬ ಸಲಹೆ ಬರೀ ತಾಂತ್ರಿಕವಾಗಿ ಕೇಳಿಸದಿದ್ದರೆ ಆಶ್ಚರ್ಯವಿಲ್ಲ.

2019ರಲ್ಲಿ ಏನಾಯಿತೆಂಬುದು ಗೊತ್ತೇ ಇದೆ. ಋತುವಿನ ಮೊದಲ ಪಂದ್ಯದಲ್ಲಿ ಮಯಾಮಿ ವಿರುದ್ಧ 20 ಎಸೆತಗಳಲ್ಲಿ 17 ಗುರಿ ತಲುಪಿ, 324 ಗಜ ಮತ್ತು ಐದು ಟಚ್‌ಡೌನ್ ಬಂದು, ರೇವನ್ಸ್ 59-10ರಿಂದ ಗೆದ್ದಿತು. ಓಟಗಾರನೊಬ್ಬನ ಮಟ್ಟಿಗೆ ಇದು ಕೆಟ್ಟದ್ದೇನಲ್ಲ ಎಂದು ಜಾಕ್ಸನ್ ಪಂದ್ಯದ ಬಳಿಕ ಹೇಳಿದರು. ಋತು ಮುಗಿಯುವಾಗ ಅವರ ಹೆಸರಿನಲ್ಲಿ 36 ಟಚ್‌ಡೌನ್ ಎಸೆತ, ಎದುರಾಳಿಯ ಕೈಸೇರಿದ ಎಸೆತ ಆರೇ ಆರು, ಜೊತೆಗೆ ಓಡಿ ಗಳಿಸಿದ 1,206 ಗಜ. ಕ್ವಾರ್ಟರ್‌ಬ್ಯಾಕ್‌ಗಳ ಓಟದಲ್ಲಿ ಮೈಕಲ್ ವಿಕ್ 2006ರಲ್ಲಿ ಸ್ಥಾಪಿಸಿದ್ದ 1,039 ಗಜಗಳ ದಾಖಲೆ ಮುರಿಯಿತು. ಪ್ರಶಸ್ತಿಗೆ ಮತ ಹಾಕಿದವರು ಒಬ್ಬರೂ ಬಿಡದೆ ಜಾಕ್ಸನ್ ಹೆಸರು ಬರೆದರು. ಪೋಲಿಯನ್ ತಮ್ಮ ಅಂದಾಜು ತಪ್ಪಾಗಿತ್ತೆಂದು ಒಪ್ಪಿಕೊಂಡದ್ದನ್ನೂ ಇಲ್ಲೇ ಹೇಳಬೇಕು. ಆ ಕ್ಷೇತ್ರದಲ್ಲಿ ಹಾಗೆ ಒಪ್ಪಿಕೊಳ್ಳುವವರು ವಿರಳ.

ಈಗ ಅಳತೆಗೋಲಿನ ವಿಷಯಕ್ಕೆ ಬರೋಣ. ಕ್ವಾರ್ಟರ್‌ಬ್ಯಾಕ್‌ಗಳನ್ನು ಹೋಲಿಸಲು ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅಂಕಿ ‘ಪಾಸರ್ ರೇಟಿಂಗ್’. 1973ರಲ್ಲಿ ಎನ್‌ಎಫ್‌ಎಲ್ ಒಪ್ಪಿಕೊಂಡ ಈ ಸೂತ್ರದಲ್ಲಿ ನಾಲ್ಕೇ ಅಂಶಗಳಿವೆ: ಗುರಿ ತಲುಪಿದ ಎಸೆತಗಳ ಪ್ರಮಾಣ, ಪ್ರತಿ ಎಸೆತಕ್ಕೆ ಗಳಿಸಿದ ಗಜ, ಟಚ್‌ಡೌನ್ ಪ್ರಮಾಣ, ಎದುರಾಳಿಯ ಪಾಲಾದ ಎಸೆತಗಳ ಪ್ರಮಾಣ. ಗರಿಷ್ಠ ಅಂಕ 158.3. ಹೆಸರೇ ಹೇಳುವಂತೆ ಇದು ಎಸೆತವನ್ನು ಮಾತ್ರ ಅಳೆಯುತ್ತದೆ. ಅದು ಸೂತ್ರದ ತಪ್ಪಲ್ಲ. ಎಸೆತದ ಅಂಕವನ್ನು ಇಡೀ ಆಟಗಾರನ ಅಂಕವೆಂದು ಓದುವುದು ನಮ್ಮ ತಪ್ಪು.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಮೂರನೇ ಡೌನ್, ಇನ್ನೂ ಒಂಬತ್ತು ಗಜ ಬೇಕು. ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಸರಿದು ನೋಡುತ್ತಾನೆ. ಸಂಗಡಿಗರೆಲ್ಲರಿಗೂ ಎದುರಾಳಿಗಳು ಅಂಟಿಕೊಂಡಿದ್ದಾರೆ, ಬಲಗಡೆಯ ರಕ್ಷಣೆ ಕುಸಿಯುತ್ತಿದೆ. ಮೊದಲನೆಯವನು ಚೆಂಡನ್ನು ಮೈದಾನದ ಬದಿಯ ಗೆರೆಯಾಚೆ ಎಸೆದು ಕೈತೊಳೆದುಕೊಳ್ಳುತ್ತಾನೆ. ಅದು ವಿಫಲ ಎಸೆತವಾಗಿ ಅವನ ರೇಟಿಂಗ್ ಇಳಿಯುತ್ತದೆ. ಎರಡನೆಯವನು ನಿಂತಲ್ಲೇ ಸಿಕ್ಕಿಬಿದ್ದು ತಂಡಕ್ಕೆ ಎಂಟು ಗಜ ನಷ್ಟ ಮಾಡುತ್ತಾನೆ. ಅವನು ಎಸೆಯಲೇ ಇಲ್ಲವಾದ್ದರಿಂದ ರೇಟಿಂಗ್ ಹಾಗೇ ಇರುತ್ತದೆ. ಮೂರನೆಯವನು ಎಡಕ್ಕೆ ಜಾರಿ, ಒಬ್ಬನನ್ನು ತಪ್ಪಿಸಿ, ಹನ್ನೆರಡು ಗಜ ಓಡಿ ತಂಡಕ್ಕೆ ಹೊಸ ನಾಲ್ಕು ಡೌನ್ ಗಳಿಸಿಕೊಡುತ್ತಾನೆ. ಅವನ ರೇಟಿಂಗ್ ಕೂಡ ಹಾಗೇ ಇರುತ್ತದೆ. ತಂಡಕ್ಕೆ ಅತಿ ಹೆಚ್ಚು ಹಾನಿ ಮಾಡಿದವನೂ ಅತಿ ಹೆಚ್ಚು ಉಪಕಾರ ಮಾಡಿದವನೂ ಈ ಪುಸ್ತಕದಲ್ಲಿ ಒಂದೇ; ನಷ್ಟವನ್ನು ತಪ್ಪಿಸಿದ ಮೊದಲನೆಯವನು ಅವರಿಬ್ಬರಿಗಿಂತ ಕೆಳಗೆ. ಪಂದ್ಯಕ್ಕೆ ನಾಲ್ಕಾರು ಬಾರಿ ಆ ಮೂರನೆಯವನಾಗುವ ಆಟಗಾರನಿಗೆ ವರ್ಷದ ಕೊನೆಯಲ್ಲಿ ಇದರಿಂದಾಗುವ ಅನ್ಯಾಯ ಸಣ್ಣದಲ್ಲ.

ಅಂಕಿಪಟ್ಟಿಯಲ್ಲಿ ಬೇರೆಯವರ ಹೆಸರಿನ ಮುಂದೆ ಬರೆಯಲಾಗುವ ಲಾಭದ್ದು ಇನ್ನೂ ಸೂಕ್ಷ್ಮವಾದ ವಿಷಯ. ಜಾಕ್ಸನ್ ಆಡುವ ‘ರೀಡ್ ಆಪ್ಷನ್’ ಎಂಬ ತಂತ್ರದಲ್ಲಿ ಅವರು ಚೆಂಡನ್ನು ಪಕ್ಕದಲ್ಲಿ ಹಾಯುವ ಓಟಗಾರನ ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ, ಆದರೆ ಕೈ ಬಿಟ್ಟಿರುವುದಿಲ್ಲ. ಕಣ್ಣು ಮಾತ್ರ ಅಂಚಿನಲ್ಲಿರುವ ಎದುರಾಳಿಯ ಮೇಲೆ. ಅವನು ಓಟಗಾರನತ್ತ ಒಂದು ಹೆಜ್ಜೆ ವಾಲಿದರೆ ಜಾಕ್ಸನ್ ಚೆಂಡನ್ನು ಹಿಂದಕ್ಕೆಳೆದುಕೊಂಡು ಅವನು ಬಿಟ್ಟ ಜಾಗದಲ್ಲೇ ನುಗ್ಗುತ್ತಾರೆ; ಅವನು ಜಾಕ್ಸನ್‌ಗಾಗಿ ಕಾದು ನಿಂತರೆ ಚೆಂಡು ಓಟಗಾರನಿಗೆ ಹೋಗುತ್ತದೆ. ಹಾಗೆ ಕಾದು ನಿಂತವನನ್ನು ಯಾರೂ ತಡೆಯಬೇಕಾಗಿಲ್ಲ, ಅವನು ತಾನಾಗಿಯೇ ಆಟದಿಂದ ಹೊರಗುಳಿದಂತೆ. ಹನ್ನೊಂದು ಜನರ ವಿರುದ್ಧ ಆಡಬೇಕಾದದ್ದು ಹತ್ತು ಜನರ ವಿರುದ್ಧದ ಆಟವಾಗುತ್ತದೆ. ಆದರೆ ಓಟಗಾರ ಗಳಿಸಿದ ಏಳು ಗಜ ಓಟಗಾರನ ಲೆಕ್ಕಕ್ಕೇ ಸೇರುತ್ತದೆ. 2019ರಲ್ಲಿ ರೇವನ್ಸ್ ತಂಡ ಒಟ್ಟು 3,296 ಗಜ ಓಡಿ ಲೀಗಿನ ಸಾರ್ವಕಾಲಿಕ ದಾಖಲೆ ಮಾಡಿದ್ದರಲ್ಲಿ ಜಾಕ್ಸನ್ ಪಾಲು ಅವರ 1,206 ಗಜಕ್ಕೆ ಮುಗಿಯುವುದಿಲ್ಲ. ಈ ಮಾತಿನ ಇನ್ನೊಂದು ಬದಿಯನ್ನೂ ಹೇಳಬೇಕು. 2024ರಲ್ಲಿ ಡೆರಿಕ್ ಹೆನ್ರಿ ಎಂಬ ದೈತ್ಯ ಓಟಗಾರ ಇದೇ ತಂಡದಲ್ಲಿ 1,921 ಗಜ ಓಡಿದಾಗ, ಎದುರಾಳಿಗಳು ಅವರನ್ನು ತಡೆಯಲು ಮುಂದೆ ಜಮಾಯಿಸಿ ಹಿಂದಿನ ಬಯಲನ್ನು ಬಿಟ್ಟುಕೊಟ್ಟದ್ದರಿಂದ ಜಾಕ್ಸನ್ ಎಸೆತಗಳೂ ಸುಲಭವಾದವು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆಯುತ್ತದೆ, ಅದನ್ನು ಬೇರ್ಪಡಿಸುವುದು ಕಷ್ಟ.

ಈ ಕೊರತೆಯನ್ನು ತುಂಬಲು ಬಂದ ಹೊಸ ಲೆಕ್ಕಗಳಲ್ಲಿ ಮುಖ್ಯವಾದದ್ದು ‘ಇಪಿಎ’, ಅಂದರೆ ಪ್ರತಿ ಆಟದಿಂದ ತಂಡದ ನಿರೀಕ್ಷಿತ ಅಂಕ ಎಷ್ಟು ಏರಿತು ಅಥವಾ ಇಳಿಯಿತು ಎಂಬ ಎಣಿಕೆ. ಮೈದಾನದ ಯಾವ ಜಾಗದಲ್ಲಿ, ಎಷ್ಟನೇ ಡೌನ್‌ನಲ್ಲಿ, ಎಷ್ಟು ಗಜ ಬಾಕಿಯಿದ್ದಾಗ ತಂಡಗಳು ಸರಾಸರಿ ಎಷ್ಟು ಅಂಕ ಗಳಿಸಿವೆ ಎಂಬುದು ಸಾವಿರಾರು ಪಂದ್ಯಗಳಿಂದ ಗೊತ್ತಿರುವುದರಿಂದ, ಆಟದ ಮುಂಚಿನ ಮತ್ತು ನಂತರದ ಬೆಲೆಗಳ ವ್ಯತ್ಯಾಸವನ್ನು ತೆಗೆಯಬಹುದು. ಮೇಲೆ ಹೇಳಿದ ಮೂವರು ಇಲ್ಲಿ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ: ಸಿಕ್ಕಿಬಿದ್ದವನಿಗೆ ದೊಡ್ಡ ನಷ್ಟ, ಚೆಂಡನ್ನು ಆಚೆ ಎಸೆದವನಿಗೆ ಅದಕ್ಕಿಂತ ಕಡಿಮೆ ನಷ್ಟ, ಓಡಿದವನಿಗೆ ಲಾಭ. ಓಡುವಾಗ ಚೆಂಡು ಕೈಜಾರಿದರೆ ಅದರ ದಂಡವೂ ಅವನದೇ. ಅಸಾಂಪ್ರದಾಯಿಕ ಆಟಗಾರನಿಗೆ ಇದು ತೋರಿಸುವ ರಿಯಾಯಿತಿಯಲ್ಲ. ಎಸೆತಕ್ಕೂ ಓಟಕ್ಕೂ ಒಂದೇ ನಾಣ್ಯದಲ್ಲಿ ಬೆಲೆ ಕಟ್ಟುವ ಕ್ರಮ. ಇದರ ದೌರ್ಬಲ್ಯವೆಂದರೆ, ಚೆನ್ನಾಗಿ ಬಂದ ಎಸೆತವನ್ನು ಸಂಗಡಿಗ ಕೈಚೆಲ್ಲಿದರೂ ನಷ್ಟ ಕ್ವಾರ್ಟರ್‌ಬ್ಯಾಕ್ ಹೆಸರಿಗೆ ಬೀಳುತ್ತದೆ. ಆದ್ದರಿಂದ ಈ ಅಂಕಿಯನ್ನು ಪಂದ್ಯ ನೋಡದೆ ಉರುಹೊಡೆಯುವವರ ವಾದವೂ ಪೂರ್ಣವಲ್ಲ.

ಇಷ್ಟೆಲ್ಲ ಲೆಕ್ಕ ಯಾಕೆ, ಗೆದ್ದನೋ ಸೋತನೋ ಅಷ್ಟೇ ಮುಖ್ಯವಲ್ಲವೇ ಎನ್ನುವ ಒಂದು ಗುಂಪು ಯಾವಾಗಲೂ ಇರುತ್ತದೆ. ಅದಕ್ಕೆ ಉತ್ತರವಾಗಿ ಟಿಮ್ ಟೀಬೋ ಅವರ ಕಥೆಯನ್ನು ನೆನೆಯಬಹುದು. 2011ರಲ್ಲಿ ಡೆನ್ವರ್ ತಂಡ ಮೊದಲ ಐದರಲ್ಲಿ ನಾಲ್ಕು ಸೋತಿದ್ದಾಗ ಅವರು ಕ್ವಾರ್ಟರ್‌ಬ್ಯಾಕ್ ಆಗಿ ಬಂದರು. ಮುಂದಿನ ಎಂಟರಲ್ಲಿ ಏಳು ಪಂದ್ಯಗಳನ್ನು ತಂಡ ಗೆದ್ದಿತು, ಹಲವನ್ನು ಕೊನೆಯ ಗಳಿಗೆಯಲ್ಲಿ. ಪ್ಲೇಆಫ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಹೆಚ್ಚುವರಿ ಅವಧಿಯ ಮೊದಲ ಆಟದಲ್ಲೇ ಅವರ ಎಸೆತ 80 ಗಜದ ಟಚ್‌ಡೌನ್ ಆಯಿತು. ಅವರೂ ಓಡುವ ಕ್ವಾರ್ಟರ್‌ಬ್ಯಾಕ್, ಅವರ ಕುರಿತೂ ಅಭಿಮಾನಿಗಳು ಜಗಳವಾಡಿದರು. ಆದರೆ ಆ ಋತುವಿನಲ್ಲಿ ಗುರಿ ತಲುಪಿದ ಅವರ ಎಸೆತಗಳು ಶೇ 46.5 ಮಾತ್ರ, ಮರುವಾರವೇ ನ್ಯೂ ಇಂಗ್ಲೆಂಡ್ ಎದುರು ತಂಡ 45-10ರಿಂದ ಸೋತಿತು, ಬೇಸಿಗೆಗೆ ಮುಂಚೆ ಡೆನ್ವರ್ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರನ್ನು ಕರೆತಂದು ಟೀಬೋ ಅವರನ್ನು ಕಳುಹಿಸಿಕೊಟ್ಟಿತು. ಗೆಲುವನ್ನಷ್ಟೇ ಎಣಿಸಿದ್ದರೆ ಅದು ಹುಚ್ಚು ನಿರ್ಧಾರ. ಎಲ್ಲ ಕೆಲಸವನ್ನೂ ಎಣಿಸಿದರೆ ಸರಿಯಾದ ನಿರ್ಧಾರ. ಅಸಾಂಪ್ರದಾಯಿಕವಾಗಿರುವುದು ಅನರ್ಹತೆಯಲ್ಲ ಎಂದು ವಾದಿಸುವವರು, ಅದು ಅರ್ಹತೆಯೂ ಅಲ್ಲ ಎಂಬುದನ್ನು ಒಪ್ಪಬೇಕು.

ಜಾಕ್ಸನ್ ವಿರುದ್ಧದ ನಿಜವಾದ ವಾದ ಪ್ಲೇಆಫ್‌ನದು. 2024ರ ಋತುವಿನ ಕೊನೆಗೆ ಅಲ್ಲಿ ಅವರ ಲೆಕ್ಕ ಮೂರು ಗೆಲುವು, ಐದು ಸೋಲು. ಇದನ್ನು ಅದೃಷ್ಟವೆಂದು ತಳ್ಳಿಹಾಕುವ ಅಭಿಮಾನಿಗಳ ಜೊತೆ ನಾನಿಲ್ಲ. 2019ರ ಋತುವಿನಲ್ಲಿ 14 ಗೆದ್ದು ಎರಡೇ ಸೋತಿದ್ದ ತಂಡ ತವರಿನಲ್ಲೇ ಟೆನೆಸೀ ತಂಡಕ್ಕೆ 28-12ರಿಂದ ಮಣಿದ ರಾತ್ರಿ ಜಾಕ್ಸನ್ 365 ಗಜ ಎಸೆದು 143 ಗಜ ಓಡಿದರೂ, ಮೂರು ಬಾರಿ ಚೆಂಡನ್ನು ಎದುರಾಳಿಗೆ ಒಪ್ಪಿಸಿದರು. 2023ರ ಋತುವಿನಲ್ಲಿ ಕ್ಯಾನ್ಸಸ್ ಸಿಟಿ ಎದುರು 17-10ರಿಂದ ಸೋತ ಪಂದ್ಯದ ನಾಲ್ಕನೇ ಅವಧಿಯಲ್ಲಿ, ಮೂವರು ಎದುರಾಳಿಗಳು ಸುತ್ತುವರಿದಿದ್ದ ಸಂಗಡಿಗನಿಗೆ ಎಸೆದು ಟಚ್‌ಡೌನ್ ಗೆರೆಯಾಚೆ ಚೆಂಡನ್ನು ಎದುರಾಳಿಗೆ ಕಳೆದುಕೊಂಡರು. ಅದು ಕೆಟ್ಟ ನಿರ್ಧಾರ, ಬೇರೆ ಹೆಸರಿಲ್ಲ. ಆದರೆ ಅದೇ ಪಂದ್ಯದಲ್ಲಿ, ವರ್ಷವಿಡೀ ಓಟದ ಬಲದಿಂದ ಗೆದ್ದು ಬಂದ ತಂಡ ತನ್ನ ಓಟಗಾರರಿಗೆ ಚೆಂಡು ಕೊಟ್ಟದ್ದು ಆರೇ ಬಾರಿ. ಸಂಗಡಿಗ ಝೇ ಫ್ಲವರ್ಸ್ ಟಚ್‌ಡೌನ್ ಗೆರೆಯ ಹತ್ತಿರ ಚೆಂಡು ಕಳೆದುಕೊಂಡದ್ದೂ ಅದೇ ಅವಧಿಯಲ್ಲಿ. ತರಬೇತುದಾರರು ಹಾಕಿಕೊಟ್ಟ ಯೋಜನೆಯ ಹೊಣೆ, ಸಂಗಡಿಗನ ಕೈತಪ್ಪು, ಸ್ವಂತ ತಪ್ಪು ಇವೆಲ್ಲ ‘ಸೋಲು’ ಎಂಬ ಒಂದೇ ಪದದಲ್ಲಿ ಸೇರಿ ಒಬ್ಬನ ಹೆಸರಿಗೆ ಬರೆಯಲ್ಪಡುತ್ತವೆ. ಎಂಟು ಪಂದ್ಯಗಳಿಂದ ಒಬ್ಬ ಮನುಷ್ಯನ ಸ್ವಭಾವವನ್ನೇ ನಿರ್ಣಯಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಎಂಟರಲ್ಲಿ ಮತ್ತೆ ಮತ್ತೆ ಕಂಡ ಒಂದು ದೋಷ, ಚೆಂಡು ಕಳೆದುಕೊಳ್ಳುವ ದೋಷ, ನಿಜವೆಂಬುದನ್ನೂ ಅಲ್ಲಗಳೆಯಲಾರೆ.

ಓಡುವವನು ಬೇಗ ಗಾಯಗೊಳ್ಳುತ್ತಾನೆ ಎಂಬ ಮಾತಿಗೂ ಎಚ್ಚರ ಬೇಕು. ಜಾಕ್ಸನ್ 2021 ಮತ್ತು 2022ರ ಋತುಗಳ ಕೊನೆಯ ಭಾಗವನ್ನು ಗಾಯದಿಂದ ಕಳೆದುಕೊಂಡರು. ಆದರೆ 2022ರಲ್ಲಿ ಮೊಣಕಾಲಿಗೆ ಪೆಟ್ಟಾದದ್ದು ಓಡುವಾಗಲ್ಲ, ಎಸೆಯಲು ಹಿಂದೆ ಸರಿದು ನಿಂತಿದ್ದಾಗ. 2021ರಲ್ಲಿ ಅವರಿಲ್ಲದೆ ಆಡಿದ ಕೊನೆಯ ನಾಲ್ಕು ಪಂದ್ಯಗಳನ್ನೂ ತಂಡ ಸೋತಿತು. ಅವರ ಬೆಲೆಯನ್ನು ಅಳೆಯಲು ಯಾರೂ ಬಯಸದ, ಆದರೆ ನಂಬಬಹುದಾದ ಒಂದು ವಿಧಾನ ಅದು.

2023ರಲ್ಲಿ ಟಾಡ್ ಮಂಕನ್ ದಾಳಿಯ ಯೋಜನೆಗಳ ಹೊಣೆ ಹೊತ್ತ ಮೇಲೆ ತಂಡದ ಆಟ ಎಸೆತದ ಕಡೆಗೆ ವಾಲಿತು. ಜಾಕ್ಸನ್ ಬರೀ ಒಂದು ವ್ಯವಸ್ಥೆಯ ಕೂಸು ಎನ್ನುತ್ತಿದ್ದವರಿಗೆ 2024ರ ಅಂಕಿಗಳೇ ಉತ್ತರವಾದವು: 4,172 ಗಜ, 41 ಟಚ್‌ಡೌನ್ ಎಸೆತ, ಎದುರಾಳಿಗೆ ಸಿಕ್ಕಿದ್ದು ನಾಲ್ಕೇ ಎಸೆತ, ಜೊತೆಗೆ 915 ಗಜ ಓಟ. ಒಂದೇ ಋತುವಿನಲ್ಲಿ ನಾಲ್ಕು ಸಾವಿರ ಗಜ ಎಸೆದು ಒಂಬೈನೂರು ಗಜ ಓಡಿದವರು ಅದಕ್ಕೆ ಮುಂಚೆ ಒಬ್ಬರೂ ಇರಲಿಲ್ಲ. ಓಟವನ್ನು ಎಣಿಸದ ಆ ಹಳೆಯ ಪಾಸರ್ ರೇಟಿಂಗ್‌ನಲ್ಲೂ 119.6 ಅಂಕದೊಂದಿಗೆ ಅವರೇ ಲೀಗಿಗೆ ಮೊದಲಿಗರು. ಆದರೂ ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ 23ರ ವಿರುದ್ಧ 27 ಪ್ರಥಮ ಮತಗಳಿಂದ ಆ್ಯಲನ್ ಅವರಿಗೆ ಹೋಯಿತು. ಅದೇ ಋತುವಿನ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಎಂದು ಆಲ್-ಪ್ರೋ ಮೊದಲ ತಂಡಕ್ಕೆ ಆಯ್ಕೆಯಾದದ್ದು ಜಾಕ್ಸನ್. ‘ಅತ್ಯಮೂಲ್ಯ’ ಮತ್ತು ‘ಅತ್ಯುತ್ತಮ’ ಬೇರೆ ಬೇರೆ ಎಂದು ಮತದಾರರು ಭಾವಿಸಿರಬಹುದು, ಆ್ಯಲನ್ ಅವರ ಸಂಗಡಿಗರು ಜಾಕ್ಸನ್ ಅವರ ಸಂಗಡಿಗರಷ್ಟು ಬಲಿಷ್ಠರಲ್ಲ ಎಂಬ ವಾದವನ್ನು ಒಪ್ಪಿರಬಹುದು. ಆ ವಾದದಲ್ಲಿ ಹುರುಳಿದೆ. ನನ್ನ ಮತ ಮಾತ್ರ ಜಾಕ್ಸನ್ ಅವರಿಗೇ ಬೀಳುತ್ತಿತ್ತು.

2025ರ ಜನವರಿ 19ರ ರಾತ್ರಿ ಇಬ್ಬರೂ ಬಫಲೋದ ಚಳಿಯಲ್ಲಿ ಎದುರಾದರು. ಮೊದಲಾರ್ಧದಲ್ಲಿ ಜಾಕ್ಸನ್ ಎರಡು ಬಾರಿ ಚೆಂಡು ಕಳೆದುಕೊಂಡರು, ತಂಡ ಹಿಂದೆ ಬಿತ್ತು. ಆಮೇಲೆ ಅವರೇ ಅದನ್ನು ಮೇಲೆತ್ತಿದರು. ಆಟ ಮುಗಿಯಲು 1 ನಿಮಿಷ 33 ಸೆಕೆಂಡು ಉಳಿದಿರುವಾಗ ಐಸಯಾ ಲೈಕ್ಲಿ ಅವರಿಗೆ 24 ಗಜದ ಟಚ್‌ಡೌನ್ ಎಸೆತ ತಲುಪಿ ಅಂತರ 27-25ಕ್ಕೆ ಇಳಿಯಿತು. ಟಚ್‌ಡೌನ್ ನಂತರ ಸಿಗುವ ಒಂದು ಹೆಚ್ಚುವರಿ ಪ್ರಯತ್ನದಲ್ಲಿ, ಸಮಬಲಕ್ಕೆ ಬೇಕಿದ್ದ ಎರಡು ಅಂಕಗಳಿಗಾಗಿ ಜಾಕ್ಸನ್ ಬಲಕ್ಕೆ ಸರಿದು, ಗೆರೆಯ ಬಳಿಯಿದ್ದ ಮಾರ್ಕ್ ಆ್ಯಂಡ್ರೂಸ್ ಕೈಗೆ ಎಸೆದರು. ವರ್ಷಗಳಿಂದ ಅವರ ಅತ್ಯಂತ ನಂಬಿಕೆಯ ಸಂಗಡಿಗನ ಕೈಯಿಂದ ಚೆಂಡು ಜಾರಿ ಕೆಳಗೆ ಬಿತ್ತು. ಎನ್‌ಎಫ್‌ಎಲ್ ನಿಯಮದ ಪ್ರಕಾರ ಎರಡು ಅಂಕದ ಪ್ರಯತ್ನದಲ್ಲಿನ ಎಸೆತಗಳು ಎಸೆತಗಾರನ ಅಂಕಿಗಳಿಗೆ ಸೇರುವುದಿಲ್ಲ. ಜಾಕ್ಸನ್ ಅವರ ಆ ರಾತ್ರಿಯ ಲೆಕ್ಕದಲ್ಲಿ 25ರಲ್ಲಿ 18 ಎಂದಿದೆ, ಈ ಎಸೆತ ಅದರಲ್ಲಿಲ್ಲ. ಪ್ಲೇಆಫ್ ಸೋಲುಗಳ ಕಾಲಂನಲ್ಲಿ ಅವರ ಹೆಸರಿನ ಮುಂದೆ ನಾಲ್ಕಿದ್ದದ್ದು ಐದಾಯಿತು.